ಬಣ್ಣ ಬಿಟ್ಟ ಕುಂಚಿಗೆ

ಬಕೆಟ್ಟಿನ ನೀರು ಕೆಂಪಾದದ್ದನ್ನು ಕಂಡು ಸುಮಿತ್ರಳಿಗೆ ಮೊದಲು ಕೈ ಎಲ್ಲೋ ಕೊಯ್ದುಕೊಂಡಿತೇನೋ ಅನ್ನಿಸಿತು. ಕೈಗೆ ಏನೂ ಆಗಿರಲಿಲ್ಲ. ಬಣ್ಣ ಬಿಡುತ್ತಿದ್ದದ್ದು ಕುಂಚಿಗೆ.

ಧಾರವಾಡದ ಸುಮಿತ್ರ ತಿರುವನಂತಪುರದ ಉಳ್ಳೂರಿಗೆ ಬಂದು ಒಂಬತ್ತು ವರ್ಷ. ಗಂಡ ವಿಠಲ ಬಾಹ್ಯಾಕಾಶ ಕೇಂದ್ರದಲ್ಲಿ ನೌಕರ. ಕೂಸಿನ ತಲೆ ಮುಚ್ಚಿ ಬೆನ್ನ ಮೇಲೆ ಇಳಿಬೀಳುವ ತಮ್ಮ ಕಡೆಯ ಕುಂಚಿಗೆಗೆ ಕಸೂತಿ ಹಾಕಿ, ಇನ್‌ಸ್ಟಾಗ್ರಾಮಿನಲ್ಲಿ ಮಾರಲು ಅವಳು ಶುರುಮಾಡಿ ಒಂದು ವರ್ಷವಾಗಿತ್ತು. ವಿಡಿಯೊಗಳಲ್ಲಿ ಅವಳ ಕೈ ಮಾತ್ರ ಕಾಣುತ್ತಿತ್ತು. ಮುಖ ತೋರಿಸಲು ನಾಚಿಕೆ.

ಒಂದು ವಿಡಿಯೊದ ಕೆಳಗೆ ಯಾರೋ ಕನ್ನಡದಲ್ಲಿ ಕೇಳಿದ್ದರು: "ಇದೆಂತ ಮಾರಾಯ್ರೇ, ಟೊಪ್ಪಿಯಾ ಶಾಲಾ?" ಕೇಳಿದವಳು ಜುಬೈದಾ. ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಓದಿದವಳು, ಈಗ ಕೊಚ್ಚಿಯ ಕಳಮಶ್ಶೇರಿಯಲ್ಲಿ ಎಳೆಮಕ್ಕಳ ಬಟ್ಟೆಯಂಗಡಿ ಇಟ್ಟಿದ್ದಳು. ಅಲ್ಲಿಂದ ಎಂಟು ತಿಂಗಳು ಇಬ್ಬರ ನಡುವೆ ಧ್ವನಿ ಸಂದೇಶಗಳು ಓಡಾಡಿದವು. ದಾರದ ಮಾತು ಮುಗಿದರೆ ಸುಮಿತ್ರಳ ಮಗಳ ಜ್ವರ, ಅದು ಮುಗಿದರೆ ಜುಬೈದಾಳ ತಾಯಿಯ ಮೊಣಕಾಲು. ಒಮ್ಮೆಯೂ ಮುಖ ನೋಡಿರಲಿಲ್ಲ. ತನ್ನ ಅಂಗಡಿಗೆ ಸುಮಿತ್ರ ಮಾಲು ಕಳಿಸುವಾಗಲೆಲ್ಲ ಜುಬೈದಾ ತಪ್ಪದೆ ಕೇಳುತ್ತಿದ್ದಳು: "ಬಣ್ಣ ಹೋಗುದಿಲ್ಲ ಅಲ್ವಾ?"

ಈ ಸಲವೂ ಕೇಳಿದ್ದಳು. "ಇಲ್ರೀ, ಚಿಂತಿ ಬ್ಯಾಡ" ಎಂದು ಸುಮಿತ್ರ ಇಪ್ಪತ್ತನಾಲ್ಕು ಕುಂಚಿಗೆ ಕಳಿಸಿಕೊಟ್ಟಿದ್ದಳು. ಹುಬ್ಬಳ್ಳಿಯ ದಾರ ಬರುವುದು ತಡವಾಗಿ ಇಲ್ಲೇ ಕೊಂಡ ಕೆಂಪು ದಾರ ಬಳಸಿದ್ದನ್ನಾಗಲಿ, ಅದನ್ನು ನೆನೆಸಿ ನೋಡಿಲ್ಲ ಎಂಬುದನ್ನಾಗಲಿ ಹೇಳಿರಲಿಲ್ಲ. ಫೋಟೊಕ್ಕೆಂದು ಉಳಿಸಿಕೊಂಡಿದ್ದ ಇಪ್ಪತ್ತೈದನೆಯದೇ ಈಗ ಬಕೆಟ್ಟಿನಲ್ಲಿತ್ತು.

ಕೂಸುಗಳು ಬಟ್ಟೆಯ ಅಂಚನ್ನು ಬಾಯಿಗೆ ಹಾಕಿಕೊಳ್ಳುತ್ತವೆ. ಅದು ನೆನಪಾಗಿ ಅವಳು ಕುಂಚಿಗೆಯನ್ನು ನೀರಿನಿಂದ ಎತ್ತಿ ಹಿಂಡಿದಳು.

"ಅಮ್ಮೇ, ಆ ಪೋಸ್ಟ್ ಡಿಲೀಟ್ ಚೆಯ್ತೇಕ್ಕ್," ಎಂದಳು ಮಗಳು ಸಮೀಕ್ಷಾ, ಎಂದಿನಂತೆ ಮಲಯಾಳದಲ್ಲಿ. ಕುಂಚಿಗೆಯ ಫೋಟೊ ಹಾಕಿದ ಪೋಸ್ಟನ್ನು ಅಳಿಸಬಹುದು; ಕಳಿಸಿದ ಕುಂಚಿಗೆಗಳನ್ನು ಏನು ಮಾಡುವುದು?

ಸುಮಿತ್ರ ನಡೆದದ್ದನ್ನೆಲ್ಲ ಬರೆದಳು, ಓದಿದಳು, ಅಳಿಸಿದಳು. ಕೊನೆಗೆ ಹೋದದ್ದು ಒಂದೇ ಸಾಲು: "ಅಕ್ಕಾರ, ನಿಮ್ಮ ಜೋಡಿ ಸ್ವಲ್ಪ ಮಾತಾಡೂದದ." ಎರಡು ಗೀಟು ನೀಲಿಯಾದವು. ಉತ್ತರವಿಲ್ಲ. ಕರೆ ಮಾಡಿದಳು, ಎತ್ತಲಿಲ್ಲ. ಮಧ್ಯಾಹ್ನ ಜುಬೈದಾಳ ಪುಟದಲ್ಲಿ ಹೊಸ ಫೋಟೊ ಬಂತು. ಅದರಲ್ಲಿ ಕಾಲುಚೀಲಗಳಿದ್ದವು, ಕುಂಚಿಗೆ ಇರಲಿಲ್ಲ. ಎಲ್ಲ ಮಾರಿಹೋದವೇ? ಯಾರದೋ ಕೂಸಿಗೆ ಏನಾದರೂ ಆಯಿತೇ? ಸಾಂಬಾರಿಗೆ ಎರಡು ಸಲ ಉಪ್ಪು ಬಿತ್ತು.

"ನಾಳೆ ನಾ ಕೊಚ್ಚಿಗೆ ಹೊಂಟೇನಿ," ಎಂದಳು ಗಂಡನಿಗೆ.

"ಹುಚ್ಚೇನ ನಿನಗ? ಬರದು ಕಳಿಸು, ಸಾಕು."

"ಬರದು ಕಳಿಸಿ ಆಕಿ ಸುಮ್ಮನ ಕೂತರ? ನನಗ ಆಕಿ ಮುಖ ನೋಡಬೇಕಾಗ್ಯದ."

ಬೆಳಿಗ್ಗೆ ತಿರುವನಂತಪುರದ ತಂಪಾನೂರು ನಿಲ್ದಾಣದಲ್ಲಿ ರೈಲು ಹತ್ತಿದಳು. ಕೊಲ್ಲಂ ದಾಟುವಷ್ಟರಲ್ಲಿ ಫೋನು ನೂರು ಸಲ ನೋಡಿದ್ದಾಯಿತು. ಎರ್ನಾಕುಲಂನಲ್ಲಿ ಇಳಿದು, ಮೆಟ್ರೋ ಹಿಡಿದು ಕಳಮಶ್ಶೇರಿ ತಲುಪುವಾಗ ಅಂಗೈ ಬೆವತು ಟಿಕೆಟ್ಟು ಮೆತ್ತಗಾಗಿತ್ತು.

ಅಂಗಡಿ ಚಿಕ್ಕದು. ಗಲ್ಲಾದ ಹಿಂದೆ ಕನ್ನಡಕದ, ಐವತ್ತರ ಹೆಂಗಸೊಬ್ಬಳು ಗಿರಾಕಿಗೆ ಅಂಗಿ ಮಡಚಿಕೊಡುತ್ತಿದ್ದಳು. ಗಿರಾಕಿ ಹೋಗುವವರೆಗೆ ಸುಮಿತ್ರ ಬಾಗಿಲಲ್ಲೇ ನಿಂತಳು.

"ನಮಸ್ಕಾರ್ರೀ," ಎಂದಳು.

ಆ ಹೆಂಗಸು ತಲೆಯೆತ್ತಿದಳು. ದನಿಯಿಂದಲೇ ಗುರುತು ಸಿಕ್ಕಿತ್ತು. "ಅಲ್ಲಾ! ಸುಮಿತ್ರ?"

ಕೂರುವ ಮೊದಲೇ ಸುಮಿತ್ರ ಹೇಳಿಬಿಟ್ಟಳು. ದಾರ ಬದಲಾಯಿಸಿದ್ದು, ನೋಡದೆಯೇ ಇಲ್ಲ ಎಂದದ್ದು, ಬಕೆಟ್ಟು, ಎಲ್ಲ. "ತಪ್ಪು ನಂದ ಅದರೀ. ಯಾವ ಕೂಸಿಗೂ ಹಾಕಬ್ಯಾಡ್ರಿ."

ಜುಬೈದಾ ಹಿಂದಿನ ಕೋಣೆಯ ಪರದೆ ಸರಿಸಿದಳು. ಹಗ್ಗದ ಮೇಲೆ ಒಂದು ಕುಂಚಿಗೆ ಒಣಗುತ್ತಿತ್ತು. ಬಿಳಿಯ ಬಟ್ಟೆಯೆಲ್ಲ ಗುಲಾಬಿಯಾಗಿತ್ತು.

"ಬಂದ ಮರುದಿನವೇ ಒಗ್ದೆ. ಒಗ್ದು ನೋಡದೆ ನಾನು ಮಕ್ಕಳ ವಸ್ತ್ರ ಮಾರುದಿಲ್ಲ."

"ಮತ್ತ ಫೋನ್ ಯಾಕ ಎತ್ತಲಿಲ್ಲರೀ?"

"ಹೆದ್ರಿಕೆ ಆಯ್ತು ಮಾರಾಯ್ತಿ." ಜುಬೈದಾ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. "ಇದಕ್ಕೆ ಮೊದ್ಲು ಇಬ್ರು ಹೀಗೇ ಅಕ್ಕಾ ಅಕ್ಕಾ ಅಂತ ಚಂದ ಮಾತಾಡಿ ಹಾಳು ಮಾಲು ಕಳಿಸಿದ್ದಾರೆ. ಕೇಳಿದ್ರೆ ಬ್ಲಾಕ್ ಮಾಡಿ ಹೋದ್ರು. ನೀವೂ ಹಾಗೇ ಅಂತ ಆದ್ರೆ? ಗೊತ್ತಾಗುದೇ ಬೇಡ ಅಂತ ಕಾಣ್ತು."

ಸುಮಿತ್ರಳಿಗೆ ಸಿಟ್ಟೂ ಬಂತು, ಅಳುವೂ ಬಂತು. ನಿನ್ನೆಯಿಂದ ತಾನು ಬೆಂದದ್ದು ಇವಳ ಹೆದರಿಕೆಗಾಗಿಯೇ? ಆದರೆ ಮೊದಲ ಸುಳ್ಳು ತನ್ನದೇ. ಜುಬೈದಾ ಕೊಟ್ಟ ನೀರು ಕುಡಿದು ಲೋಟ ಕೆಳಗಿಟ್ಟಳು.

"ಎಲ್ಲಾ ಇಲ್ಲೇ ಅವ ಏನ್ರೀ?"

"ಒಂದು ಇಲ್ಲ. ಒಗೆಯುವ ಮೊದ್ಲೇ ಒಬ್ಬರು ಹಠ ಮಾಡಿ ಕೊಂಡುಹೋದ್ರು. ಅವರ ನಂಬರ್ ಉಂಟು, ಮಾಡ್ಲಿಕ್ಕೆ ನನಗೆ ಧೈರ್ಯ ಸಾಲ್ಲಿಲ್ಲ."

"ಕೊಡ್ರಿ, ನಾನ ಹೇಳ್ತೀನಿ."

ಜುಬೈದಾ ಕರೆ ಹಚ್ಚಿ ಸ್ಪೀಕರ್ ಒತ್ತಿದಳು. ಸುಮಿತ್ರ ತನ್ನ ಮುರುಕು ಮಲಯಾಳದಲ್ಲಿ ಕ್ಷಮೆ ಕೇಳಿದಳು, ಕೂಸಿಗೆ ಹಾಕಿದಿರಾ ಎಂದಳು. ಆಚೆ ಕಡೆಯಿಂದ ಜೋರಾಗಿ ನಗು. ಕೊಂಡವರ ಸೊಸೆಯ ಹೆರಿಗೆಗೆ ಇನ್ನೂ ಎರಡು ವಾರವಿತ್ತು.

ಇಬ್ಬರೂ ಕುರ್ಚಿಗೆ ಒರಗಿ ಉಸಿರುಬಿಟ್ಟರು.

ಊಟದ ನಂತರ ಸುಮಿತ್ರ ಆ ಗುಲಾಬಿ ಕುಂಚಿಗೆಯನ್ನು ಹಿಡಿದು ನಿಂತಳು. "ನನ್ನ ಪೇಜಿನ್ಯಾಗೂ ಹೇಳಬೇಕರೀ. ವಿಡಿಯೊ ತಗೀರಿ."

"ಮುಖ ಕಾಣ್ತದೆ, ಅಡ್ಡಿ ಇಲ್ವಾ?"

"ಕಾಣಲಿ ಬಿಡ್ರಿ."

ವಿಡಿಯೊ ಹಾಕಿದ ಅರ್ಧ ಗಂಟೆಯಲ್ಲಿ ಹನ್ನೊಂದು ಜನ ಅವಳ ಪುಟ ಬಿಟ್ಟುಹೋದರು. "ಮಕ್ಕಳ ಜೀವದ ಜೊತೆ ಆಟವೇ?" ಎಂದು ಒಬ್ಬರು ಬರೆದರು. ಪ್ರತಿ ಸಲ ಫೋನು ಗುಂಯ್‌ಗುಟ್ಟಿದಾಗಲೂ ಸುಮಿತ್ರಳಿಗೆ ಅದನ್ನು ಮಗುಚಿಡಬೇಕೆನ್ನಿಸುತ್ತಿತ್ತು. ಆದರೂ ಓದಿದಳು, ಒಬ್ಬೊಬ್ಬರಿಗೂ ಉತ್ತರ ಬರೆದಳು. ಪಕ್ಕದಲ್ಲಿ ಜುಬೈದಾ ಉಳಿದ ಇಪ್ಪತ್ತೆರಡು ಕುಂಚಿಗೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು.

"ದಾರ ಎಲ್ಲ ಬಿಚ್ಚಿ ಪುನಃ ಹಾಕ್ಲಿಕ್ಕೆ ಎಷ್ಟು ದಿನ ಬೇಕು?"

"ಹದಿನೈದ ದಿನ. ಹುಬ್ಬಳ್ಳಿ ದಾರ ಬಂದ ಮ್ಯಾಲೆ."

"ಆಗ್ಲಿ. ಇನ್ನು ಫೋನ್ ಮಾಡಿದ್ರೆ ಎತ್ತುತ್ತೇನೆ," ಎಂದು ಜುಬೈದಾ ಚೀಲದ ಬಾಯಿಗೆ ಗಂಟು ಹಾಕಿದಳು.