ಮೂರು ಸಲದ ಮಾವ

ನನ್ನ ಸೋದರಮಾವನಿಗೆ ಸಿಟ್ಟು ಬಂದರೆ ಮನೆಯ ಬಾಗಿಲು ಬಡಿಯುವುದಿಲ್ಲ, ಟ್ಯಾಬ್ಲೆಟ್ಟಿನ ಮುಚ್ಚಳ ಬಡಿಯುತ್ತದೆ. ಎದುರಿಗಿರುವವರನ್ನು ಒಮ್ಮೆ ನೆಟ್ಟಗೆ ನೋಡಿ, ತುಟಿ ಬಿಗಿದು, ಪರದೆಯನ್ನು ಕೀಬೋರ್ಡಿನ ಮೇಲೆ ಮಗುಚುತ್ತಾರೆ; ಅಂಚಿನ ಅಯಸ್ಕಾಂತಗಳು ಟಪ್ಪೆಂದು ಕಚ್ಚಿಕೊಳ್ಳುತ್ತವೆ; ಅಲ್ಲಿಗೆ ಆ ವಿಷಯ ಮುಗಿಯಿತೆಂದು ಅರ್ಥ. ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ಕಳೆದುಕೊಂಡ ಮೇಲೆ ಅವರು ಕೀಬೋರ್ಡ್ ಕೇಸಿನಲ್ಲಿ ಕೂರಿಸಿದ ಆ ಟ್ಯಾಬ್ಲೆಟ್ಟಿನಲ್ಲಿ ಬರೆದು, ಅದನ್ನು ನಮ್ಮ ಕಡೆ ತಿರುಗಿಸಿ ಮಾತಾಡುತ್ತಾರೆ.

ಅವರು ಎಂಥ ಗಂಟಲಿನ ಮನುಷ್ಯರಾಗಿದ್ದರೆಂದು ತಿಳಿಯದವರಿಗೆ ಇದರ ವಿಪರ್ಯಾಸ ತಿಳಿಯದು. ಹಣ್ಣಿನ ಸಗಟು ಮಾರುಕಟ್ಟೆಯಲ್ಲಿ ಅವರು ಹರಾಜು ಕೂಗುವವರು. ಲಾರಿಗಳ ಗದ್ದಲ, ಹಮಾಲರ ಬೈಗುಳ, ತಗಡಿನ ಚಾವಣಿಯ ಪ್ರತಿಧ್ವನಿ ಎಲ್ಲವನ್ನೂ ಸೀಳಿಕೊಂಡು ಅವರ ಧ್ವನಿ ಆಚೆ ಬೀದಿಯ ಬಸ್ ನಿಲ್ದಾಣಕ್ಕೆ ಕೇಳುತ್ತಿತ್ತು. “ಒಂದು ಸಲ, ಎರಡು ಸಲ, ಮೂರು ಸಲ!” ಎಂದು ಅಂಗೈಯಿಂದ ಮೇಜು ಗುದ್ದಿದರೆಂದರೆ ಸರಕು ಕೈ ಬದಲಾಯಿಸಿತು. ಮನೆಯಲ್ಲೂ ಅದೇ ಪದ್ಧತಿ. ಗೋಡೆಗೆ ಯಾವ ಬಣ್ಣ, ಮಗಳಿಗೆ ಯಾವ ಕಾಲೇಜು, ಯಾರ ಮದುವೆಗೆ ಯಾರು ಹೋಗಬೇಕು, ಎಲ್ಲಕ್ಕೂ ಊಟದ ಮೇಜಿನ ಮೇಲೆ ಮೂರನೇ ಗುದ್ದೇ ತೀರ್ಪು. ಅತ್ತೆ ಏನಾದರೂ ಹೇಳಲು ಹೊರಟರೆ ಮೊದಲನೇ ವಾಕ್ಯ ಮುಗಿಯುವುದರೊಳಗೆ ಮೂರು ಸಲ ಆಗಿಬಿಡುತ್ತಿತ್ತು. ಬಳಗದ ಮಕ್ಕಳೆಲ್ಲ ಅವರನ್ನು ಬೆನ್ನ ಹಿಂದೆ ಮೂರು ಸಲದ ಮಾವ ಎನ್ನುತ್ತಿದ್ದೆವು.

ಮಾರುವವರು ಏನೇ ಹೇಳಿಕೊಳ್ಳಲಿ, ಕೀಬೋರ್ಡ್ ಕೇಸ್ ಎಂಬುದು ತೊಡೆಯ ಮೇಲೆ ನೆಟ್ಟಗೆ ನಿಲ್ಲುವ ಪದಾರ್ಥವಲ್ಲ. ಮಾತು ರಂಗೇರುವ ಹೊತ್ತಿಗೆ ಪರದೆ ಅಂಗಾತ ಬಿದ್ದಿರುತ್ತದೆ. ಆದ್ದರಿಂದ ಮಾವನ ಜೊತೆ ಸಂಜೆ ವಾಕಿಂಗ್ ಹೋಗುವುದೆಂದರೆ ಸಮತಟ್ಟು ಜಾಗಗಳನ್ನು ಹುಡುಕಿಕೊಂಡು ಹೋಗುವುದು. ಸಂತೆಗೆ ಕೋಳಿ ಒಯ್ಯುವವರಂತೆ ಕೇಸನ್ನು ಕಂಕುಳಲ್ಲಿ ಅದುಮಿಕೊಂಡು, ಎಡಕ್ಕೆ ವಾಲಿ ನಡೆಯುತ್ತಾರೆ. ಏನಾದರೂ ಹೊಳೆದರೆ ಸಾಕು, ಯಾರದೋ ಕಾಂಪೌಂಡು ಗೋಡೆ, ನಿಂತ ಕಾರಿನ ಬಾನೆಟ್, ಅಂಗಡಿಯವನ ತಕ್ಕಡಿ, ಯಾವುದಾದರೂ ಆದೀತು, ಅದರ ಮೇಲೆ ಕೇಸನ್ನು ಬಿಡಿಸಿ ಎರಡೇ ಬೆರಳುಗಳಿಂದ ಗುದ್ದತೊಡಗುತ್ತಾರೆ. ಹೌದು, ಗುದ್ದುವುದೇ. ಹರಾಜಿನ ಮೇಜಿನ ಋಣ ಆ ಬೆರಳುಗಳಿಂದ ಇನ್ನೂ ಇಳಿದಿಲ್ಲ.

ಬರೆದದ್ದನ್ನು ಟ್ಯಾಬ್ಲೆಟ್ಟೇ ಓದಿ ಹೇಳುವಂತೆ ಮಗಳು ಒಮ್ಮೆ ಏರ್ಪಾಡು ಮಾಡಿಕೊಟ್ಟಳು. ಮಾವ ಗಂಭೀರವಾಗಿ “ಕಾಫಿ ತಣ್ಣಗಾಗಿದೆ” ಎಂದು ಬರೆದರು. ರೈಲು ತಡವಾಗಿದ್ದಕ್ಕೆ ವಿಷಾದಿಸುವ ದನಿಯೊಂದು ಅದನ್ನು ಅತಿ ವಿನಯದಿಂದ ಉಚ್ಚರಿಸಿತು. ಅತ್ತೆ ನಕ್ಕು ನಕ್ಕು ಗೋಡೆ ಹಿಡಿದುಕೊಂಡರು. ಮಾವ ಮರುಕ್ಷಣವೇ ಬರೆದು ತಿರುಗಿಸಿದರು: “ನನ್ನ ಹೆಂಡತಿ ಹತ್ರ ಮಾತಾಡೋಕೆ ಇವನ್ಯಾರು?” ಟಪ್.

ನಿಜ ಹೇಳಬೇಕೆಂದರೆ ನಾವು ಅವರ ಬರಹವನ್ನು ಪೂರ್ತಿ ಓದುತ್ತಿರಲಿಲ್ಲ. ಎರಡು ಸಾಲಿಗೆ ಕಣ್ಣಾಡಿಸಿ ತಲೆದೂಗಿ ಜಾರಿಕೊಳ್ಳುತ್ತಿದ್ದೆವು. ಕೊನೆಯ ಅಕ್ಷರದವರೆಗೆ ಕಾಯುತ್ತಿದ್ದವರು ಅತ್ತೆ ಒಬ್ಬರೇ. ಹಾಗೆಂದು ಅವರು ಪಾಪದವರೇನಲ್ಲ. ವಾದ ತಮಗೆ ಸೇರದ ಕಡೆ ತಿರುಗಿದರೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಲು ಕೂರುತ್ತಿದ್ದರು, ಮಾವ ಪರದೆಯನ್ನು ಅವರ ಮೂಗಿಗೆ ಹಿಡಿದರೂ ಒರೆಸುವುದು ಮುಗಿಯುತ್ತಿರಲಿಲ್ಲ. ಒಬ್ಬರಿಗೆ ಮುಚ್ಚಳ, ಇನ್ನೊಬ್ಬರಿಗೆ ಕನ್ನಡಕ, ಹೀಗೆ ಸಂಸಾರ ಸಮನಾಗಿ ತೂಗುತ್ತಿತ್ತು.

ಇಂಥದ್ದರಲ್ಲಿ ಅತ್ತೆಯ ಬಲಗಣ್ಣಿನ ಅಕ್ಷಿಪಟಲ, ಎಂದರೆ ಕಣ್ಣಿನ ಒಳಗೋಡೆಗೆ ಅಂಟಿದ ತೆಳು ಪೊರೆ, ಹರಿಯಿತು. ಎಡಗಣ್ಣು ಮೊದಲಿನಿಂದಲೂ ಮಬ್ಬು, ಓದುವುದೆಲ್ಲ ಬಲಗಣ್ಣಿನಲ್ಲೇ. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯೆ ಖಡಾಖಂಡಿತವಾಗಿ ಹೇಳಿದರು: “ಒಂದು ವಾರ ಮುಖ ಕೆಳಗೇ ಇರಬೇಕು. ತಲೆ ಎತ್ತಿದ್ರೆ ಪೊರೆ ಮತ್ತೆ ಬಿಟ್ಕೊಳ್ಳುತ್ತೆ, ಆಮೇಲೆ ನಾನೇನೂ ಮಾಡೋಕಾಗಲ್ಲ.” ನಾವೆಲ್ಲ ಅತ್ತೆಯ ಕಣ್ಣಿನ ಬಗ್ಗೆ ಮರುಗುತ್ತಿದ್ದೆವು. ಮಾವ ಕೇಸನ್ನು ಎದೆಗವಚಿಕೊಂಡು ನಿಂತಿದ್ದರು. ಆ ಕಣ್ಣು ಹೋದರೆ ಅವರ ಮಾತೂ ಎರಡನೇ ಸಲ ಹೋಗುತ್ತದೆಂದು ನನಗೆ ಹೊಳೆದದ್ದು ಆಗ.

ಅತ್ತೆ ಆಸ್ಪತ್ರೆಯ ಮಂಚದ ಮೇಲೆ ಬೋರಲಾಗಿ, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ದಿಂಬಿನ ಕುಳಿಯೊಳಗೆ ಮುಖವಿಟ್ಟು ಮಲಗಿದ್ದರು. ಹೆದರಿದ್ದರು, ಮತ್ತೆ ಮತ್ತೆ ತಲೆ ಎತ್ತಲು ನೋಡುತ್ತಿದ್ದರು. “ಇದ್ದೀರಾ? ಯಾರಿದ್ದೀರಿ ಅಲ್ಲಿ?” ಮಾವನಿಗೆ ಬೇರೆ ದಾರಿ ಕಾಣಲಿಲ್ಲ. ಅವತ್ತು ಸಿಟ್ಟಿನಿಂದ ಬಿಟ್ಟಿದ್ದ ಓದಿ ಹೇಳುವ ಏರ್ಪಾಡನ್ನು ಮತ್ತೆ ಹಿಡಿದರು. ರೈಲು ನಿಲ್ದಾಣದ ದನಿ “ನಾನು ಇಲ್ಲೇ ಇದ್ದೇನೆ” ಎಂದಿತು.

“ಅವನನ್ನ ಕಳಿಸಿಬಿಡಿ,” ಎಂದರು ಅತ್ತೆ ದಿಂಬಿನೊಳಗಿಂದ. “ನೀವು ಕುಟ್ಟಿ ಸಾಕು. ನಂಗೆ ಗೊತ್ತಾಗುತ್ತೆ.”

ಮಾವ ಪರದೆಯನ್ನು ಕೀಬೋರ್ಡಿನಿಂದ ಕಿತ್ತು ನನ್ನ ಕೈಗಿತ್ತರು. ಬರೀ ಕೀಬೋರ್ಡನ್ನು ಅತ್ತೆಯ ಕಿವಿಯ ಪಕ್ಕ ಹಾಸಿಗೆಯ ಮೇಲಿಟ್ಟು ಒಂದು ಕೀಲಿ ಒತ್ತಿದರು. ಟಕ್.

“ಹಾಂ,” ಎಂದ ಅತ್ತೆ ತಲೆಯನ್ನು ದಿಂಬಿಗೆ ಬಿಟ್ಟುಕೊಟ್ಟರು.

ಮಾತಿಲ್ಲದೆ ಬೋರಲು ಮಲಗಿದರೆ ಹೊತ್ತು ಹೋಗಬೇಕಲ್ಲ, ಅತ್ತೆ ಕಥೆ ಶುರು ಮಾಡಿದರು. ತವರಿನ ಬಾವಿ, ತಂಗಿಯ ಹಟ, ಮೊದಲ ಬಾಡಿಗೆ ಮನೆಯ ಸೋರುವ ನಲ್ಲಿ. ಪ್ರತಿ ಮಾತಿಗೂ ಒಂದು ಟಕ್. ನಮ್ಮ ಮಾವ ಹೂಂಗುಟ್ಟುತ್ತಿದ್ದರು! ಗಂಟಲಿದ್ದ ಕಾಲದಲ್ಲಿ ಯಾರ ಕಥೆಗೂ ಒಂದು ಹೂಂ ಎಂದವರಲ್ಲ.

“ಮದುವೆಯಾದ ವರ್ಷ ಟೆಲಿಫೋನ್ ಆಫೀಸಿಂದ ಕೆಲಸಕ್ಕೆ ಕರೆದಿದ್ರು, ನೆನಪಿದೆಯಾ? ನಾನು ಬಾಯಿ ತೆಗೆಯೋದ್ರೊಳಗೆ ಮೂರು ಸಲ ಅಂದ್ಬಿಟ್ರಿ. ಅವತ್ತು ಏನು ಹೇಳ್ಬೇಕು ಅಂತಿದ್ದೆ ಗೊತ್ತಾ?”

ಟಕ್ ಕೇಳಿಸಲಿಲ್ಲ. ಮಾವನ ಬೆರಳು ಕೀಲಿಯ ಮೇಲೇ ನಿಂತಿತ್ತು.

“ಕೇಳ್ತಾ ಇದ್ದೀರಾ?”

ಕೊನೆಗೆ ಒತ್ತಿದರು, ಎಂದೂ ಇಲ್ಲದಷ್ಟು ಮೆಲ್ಲಗೆ. ಅಷ್ಟರಲ್ಲಿ ನರ್ಸು ಔಷಧಿ ಹಾಕಲು ಬಂದಳು, ಕಥೆ ಅಲ್ಲಿಗೇ ನಿಂತಿತು. ಮರುದಿನಗಳಲ್ಲಿ ಅತ್ತೆ ಬೇರೆಲ್ಲ ಹೇಳಿದರೂ ಅದಕ್ಕೆ ಹಿಂದಿರುಗಲಿಲ್ಲ.

ವಾರ ಕಳೆದು ಪಟ್ಟಿ ಬಿಚ್ಚಿದಾಗ ವೈದ್ಯೆ ಬೆರಳು ತೋರಿಸಿದರು, ಅತ್ತೆ ಸರಿಯಾಗಿ ಹೇಳಿದರು. ಹರಿದ ಪೊರೆ ತನ್ನ ಜಾಗದಲ್ಲಿ ಕೂತಿತ್ತು. ಮಗಳು ಅತ್ತಳು. ಮಾವ ಮಾತ್ರ ಅವಸರದಲ್ಲಿ ಕಿಟಕಿಯ ಕಟ್ಟೆಯ ಮೇಲೆ ಕೇಸನ್ನು ಬಿಡಿಸಿ, ಏನೋ ಬರೆದು, ಅಕ್ಷರಗಳನ್ನು ಪರದೆ ತುಂಬ ಹಿಗ್ಗಿಸಿ ತಂದು ಹಿಡಿದರು. ಹುಷಾರಾಗು ಎಂದೋ ದೇವರು ದೊಡ್ಡವನು ಎಂದೋ ಇರಬಹುದೆಂದುಕೊಂಡೆ. ಇದ್ದದ್ದು ಒಂದೇ ಪದ: “ಆಮೇಲೆ?”

ಅತ್ತೆ ಅದನ್ನು ಬಹಳ ಹೊತ್ತು ಓದಿದರು. ಕನ್ನಡಕ ಒರೆಸಲಿಲ್ಲ. “ಕೂತ್ಕೊಳ್ಳಿ,” ಎಂದರು, “ದೊಡ್ಡ ಕಥೆ ಅದು.”

ದೊಡ್ಡ ಗಂಟಲಿನವರನ್ನು ನಾವು ಕಿವಿಯಿಲ್ಲದವರೆಂದು ಬಗೆಯುತ್ತೇವೆ. ಕಿವಿ ಅವರಿಗೂ ಇರುತ್ತದೆ. ಜೀವಮಾನವಿಡೀ ತಮ್ಮದೇ ಸದ್ದಿನ ನೆರೆಯಲ್ಲಿದ್ದು ಅದಕ್ಕೆ ಬೇರೆ ಕೆಲಸ ಸಿಕ್ಕಿರುವುದಿಲ್ಲ, ಅಷ್ಟೆ. ಸದ್ದು ನಿಂತ ಮೇಲೆ ಬಹುಮಂದಿ ಮುಚ್ಚಳ ಹಾಕಿಕೊಂಡು ಮುನಿದು ಕೂರುತ್ತಾರೆ. ಎಲ್ಲೋ ಒಬ್ಬಿಬ್ಬರಿಗೆ ತಡವಾಗಿಯಾದರೂ ಇನ್ನೊಬ್ಬರ ಕಥೆಗೆ ಹೂಂ ಎನ್ನುವ ಭಾಗ್ಯ ಒದಗುತ್ತದೆ. ಆ ಹೊತ್ತಿಗೆ ಹೇಳುವವರು ಹೇಳಬೇಕಾದ್ದನ್ನು ಮರೆತಿರಬಾರದು. ನಮ್ಮತ್ತೆ ಒಂದನ್ನೂ ಮರೆತಿರಲಿಲ್ಲ.