ಅರ್ನೆಟಾ ಅಜ್ಜಿಯ ನಡಿಗೆ

ಬಾಲ್ಟಿಮೋರಿನಲ್ಲಿ ನಮ್ಮಂಥ ಟ್ರಾನ್ಸ್ ಹೆಂಗಸರನ್ನು ಯಾರಾದರೂ ಕೊಂದರೆ, ನಾವು ಮೇಣದಬತ್ತಿ ಹಚ್ಚಿ ಅವಳ ಹೆಸರು ಕೂಗುತ್ತೇವೆ. ಆಮೇಲೆ ಅವಳು ಗೆಲ್ಲುತ್ತಿದ್ದ ಸ್ಪರ್ಧೆಯನ್ನೇ ಅವಳ ಹೆಸರಿನಲ್ಲಿ ನಡೆಸುತ್ತೇವೆ. ನಮ್ಮ ಜಸಾರಿಯಾ ಗೆಲ್ಲುತ್ತಿದ್ದದ್ದು ನಡಿಗೆಯಲ್ಲಿ, ಅಂದರೆ ರೂಪದರ್ಶಿಯರಂತೆ ಠೀವಿಯಿಂದ ನಡೆದು ತೋರಿಸುವ ಸ್ಪರ್ಧೆಯಲ್ಲಿ. ಅವಳನ್ನು ಗುಂಡು ಹೊಡೆದು ಕೊಂದು ವರ್ಷ ತುಂಬಿದ ದಿನ ಚರ್ಚಿನ ಸಭಾಂಗಣ ಕಿಕ್ಕಿರಿದಿತ್ತು. ತೀರ್ಪುಗಾರರಲ್ಲಿ ನಾನೂ ಒಬ್ಬಳು.

ಅವಳನ್ನು ಸಾಕಿ ಬೆಳೆಸಿದ ಅರ್ನೆಟಾ ಅಜ್ಜಿಯೂ ದೊಡ್ಡ ಟೋಪಿ ಹಾಕಿಕೊಂಡು ಸಾಲಿನಲ್ಲಿ ನಿಂತಳು. "ಟ್ರೋಫಿ ಈ ಸಲಾನೂ ನಮ್ಮನೆಗೇ ಬರಬೇಕು" ಎಂದಳು. ಆದರೆ ತಲೆ ತಗ್ಗಿಸಿ, ಬಸ್ಸು ತಪ್ಪೀತು ಎನ್ನುವಂತೆ ನಡೆದಳು. ಉಳಿದ ತೀರ್ಪುಗಾರರು ಅಳುತ್ತಲೇ ಹತ್ತಕ್ಕೆ ಹತ್ತು ಅಂಕದ ಹಲಗೆ ಎತ್ತಿದರು. ನನಗೆ ರೇಗಿತು. ನನ್ನ ಹಲಗೆಯನ್ನು ಮಗುಚಿಟ್ಟೆ. ನಮ್ಮಲ್ಲಿ ಒಬ್ಬರು ಮಗುಚಿದರೂ ಸ್ಪರ್ಧಿ ಹೊರಗೆ.

"ನಿಂಗೆ ಕರುಳೇ ಇಲ್ವೇನೇ?" ಎಂದಳು ಪಕ್ಕದಲ್ಲಿ ಕೂತ ತೀರ್ಪುಗಾರ್ತಿ ಡೆಲ್ಫಿನ್.

"ಇದೆ. ಕಣ್ಣೂ ಇದೆ. ಜಸಾರಿಯಾ ಇದ್ದಿದ್ರೆ ಇದಕ್ಕೆ ಅಂಕ ಕೊಡ್ತಿದ್ಲಾ?"

ಅಜ್ಜಿ ಸೊಂಟದ ಮೇಲೆ ಕೈಯಿಟ್ಟಳು. "ಇವಳು ಹೇಳಿದ್ದೇ ಸರಿ. ನೀವೆಲ್ಲ ನಂಗೆ ಭಿಕ್ಷೆ ಹಾಕ್ತಿದೀರ. ಇನ್ನೊಂದು ಸಲ ನಡೆಯೋಕೆ ಬಿಡಿ, ಗೆದ್ದೇ ತಗೊಂಡು ಹೋಗ್ತೀನಿ."

ಬಿಡಿ ಬಿಡಿ ಎಂದು ಸಭಾಂಗಣವೆಲ್ಲ ಕೂಗಿತು. ಅಜ್ಜಿ ಟೋಪಿ ತೆಗೆದು ಡೆಲ್ಫಿನ್‌ಳ ಮಡಿಲಿಗೆ ಎಸೆದಳು. ಗದ್ದ ಎತ್ತಿ, ಸೊಂಟ ಬಳುಕಿಸುತ್ತ ಬಂದಳು. ತಿರುಗುವಾಗ ಭುಜದ ಮೇಲಿಂದ ನನ್ನತ್ತ ನೋಡಿ ಕಣ್ಣು ಹೊಡೆದಳು. ಜನ ಕುರ್ಚಿಗಳ ಮೇಲೆ ಹತ್ತಿ ಕುಣಿದರು. ನಾನು ಹತ್ತು ಎತ್ತಿದೆ.

"ಮೊದಲೇ ಹೀಗೆ ನಡೀಬಾರದಿತ್ತಾ ಅಜ್ಜಿ?"

"ಆಗ ಅಳು ಬರ್ತಿತ್ತು ಕಣೇ. ನೀನು ಸಿಟ್ಟು ಬರಿಸಿದೆ, ಸರಿಹೋಯ್ತು" ಎಂದು ಅಜ್ಜಿ ಟ್ರೋಫಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು.