ಮಂಜೂರಾದ ನಾಲ್ಕು ಹಲ್ಲು

ನಾನು ನಾಲ್ಕು ಹಲ್ಲುಗಳ ಒಂದು ಸೆಟ್ಟು. ಮೇಲ್ದವಡೆಯ ಮುಂಭಾಗ ನನ್ನ ಜಾಗ. ಹುಟ್ಟಿದ್ದು ಮೈಸೂರಿನ ಒಂದು ಕಟ್ಟುಹಲ್ಲಿನ ಲ್ಯಾಬಿನಲ್ಲಿ. ಮರಿಸ್ವಾಮಿ ಎಂಬ ಕೆಲಸಗಾರ ಬಾಯಿಯ ಅಚ್ಚಿನ ಮೇಲೆ ಮೇಣ ಕೂರಿಸಿ, ಗುಲಾಬಿ ಬಣ್ಣದ ವಸಡು ಮಾಡಿ, ಉಜ್ಜಿ ಉಜ್ಜಿ ನನಗೆ ಹೊಳಪು ಕೊಟ್ಟ. ಒಂದು ಹಲ್ಲನ್ನು ಬೇಕೆಂದೇ ಕೊಂಚ ಓರೆಯಾಗಿಟ್ಟ.

"ಆಯಮ್ಮನ ಹಳೇ ಫೋಟೋದಲ್ಲಿ ಹಿಂಗೇ ಅದೆ. ನೆಟ್ಟಗಿಟ್ರೆ ಬೇರೆಯವ್ಳಾಗ್ಬುಡ್ತಾಳೆ" ಅಂದ. ಎದುರಿಗೆ ಕಾಣದ ಮುಖದ ಮೇಲೆ ಅಷ್ಟು ಅಕ್ಕರೆ ಇಟ್ಟ ಆ ಪುಣ್ಯಾತ್ಮನಿಗೆ ನಾನು ಇವತ್ತಿಗೂ ಋಣಿ.

ಆಯಮ್ಮ ಅಂದರೆ ದೇವೀರಮ್ಮ. ಮದ್ದೂರಿನ ಹತ್ತಿರದ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಸ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದವಳು. ಮಿಷನ್ನುಗಳ ಗದ್ದಲ ಮೀರಿ ಅವಳ ದನಿ ಕೊನೆಯ ಸಾಲಿಗೂ ಮುಟ್ಟುತ್ತಿತ್ತಂತೆ. ವಸಡಿನ ರೋಗಕ್ಕೆ ಮುಂದಿನ ನಾಲ್ಕು ಹಲ್ಲು ಹೋದವು. ಮಾತೆಲ್ಲ ಗಾಳಿಯಾಯಿತು, ಸೆರಗು ಬಾಯಿಗೆ ಬಂತು. ಮೇಲಿನವರು ಅವಳನ್ನು ಗುಂಡಿ ಹಚ್ಚುವ ಸಾಲಿಗೆ ಕೂರಿಸಿ, "ಹಲ್ಲು ಕಟ್ಟಿಸ್ಕೊಂಡು ಬಾ, ನಿನ್ನ ಜಾಗ ನಿಂಗೇ" ಅಂದರು.

ಕಾರ್ಖಾನೆಯಲ್ಲಿ ಎಲ್ಲರಿಗೂ ದಂತವಿಮೆ ಇತ್ತು. ಅವಳ ಹಲ್ಲಿನ ಡಾಕ್ಟರ್ ಶಮೀಮಾ ದುಡ್ಡು ಕೊಡುತ್ತೀರಾ ಎಂದು ಮೊದಲೇ ಕೇಳಿದ್ದರು, ವಿಮೆಯವರು ಮಂಜೂರು ಎಂದು ಬರೆದೂ ಕೊಟ್ಟಿದ್ದರು. ಆ ಪತ್ರ ನಂಬಿಯೇ ನನ್ನನ್ನು ಮಾಡಿಸಿದ್ದು. ನಾನು ಸಿದ್ಧವಾಗಿ ಬಂದ ವಾರಕ್ಕೆ ಇನ್ನೊಂದು ಪತ್ರ ಬಂತು: ಮುಂದಿನ ಹಲ್ಲು ಅಂದಕ್ಕೆ ಮಾತ್ರ, ಮಂಜೂರಾತಿ ರದ್ದು. ಅದೂ ಇಂಗ್ಲಿಷಿನಲ್ಲಿ! ದೇವೀರಮ್ಮ ವಿಮೆ ಕಚೇರಿಗೆ ಕೇಳಲು ಹೋದರೆ ಅಲ್ಲಿದ್ದವನೊಬ್ಬ, "ಮುದ್ದೆ ನುಂಗೋರ್ಗೆ ಹಲ್ಲು ಯಾಕಮ್ಮ?" ಎಂದು ನಕ್ಕನಂತೆ. ಅವನ ಮೂವತ್ತೆರಡೂ ಗಟ್ಟಿಯಾಗಿದ್ದವು, ನಗದೇ ಏನು ಮಾಡಿಯಾನು?

ಡಾಕ್ಟರು, "ಹಾಗೇ ಹಾಕ್ಕೊಳ್ಳಿ ದೇವೀರಮ್ಮ, ದುಡ್ಡಿನ ಮಾತು ಆಮೇಲೆ ನೋಡೋಣ" ಅಂದರು.

"ಬ್ಯಾಡಿ ಡಾಕ್ಟ್ರಮ್ಮ. ಕೊಡ್ತೀವಿ ಅಂತ ಬರ್ದೋರು ಅವ್ರು. ನಿಮ್ಮ ತಾವ ಧರ್ಮಕ್ಕೆ ಇಸ್ಕೊಂಡು ನಾನೆಂಗೆ ಬಾಯಿ ತೆಗೀಲಿ?"

ಹಟಮಾರಿ ಹೆಂಗಸು. ನಾನು ಡಬ್ಬಿಯ ನೀರಿನಲ್ಲೇ ಉಳಿದೆ. ಒಂದೇ ಬಾಯಿಗೆಂದು ಹುಟ್ಟಿದವನಿಗೆ ಬೇರೆಲ್ಲಿ ನೆಲೆ? ತುಂಬ ಹೆದರಿದ್ದೆ.

ಅಂಥ ಪತ್ರ ಅವಳೊಬ್ಬಳಿಗೇ ಬಂದಿರಲಿಲ್ಲ. ಕಾರ್ಮಿಕ ಸಂಘದವರು ಅಲ್ಲಿ ಇಲ್ಲಿ ತಿರುಗಿ ಒಂದು ಕಟ್ಟು ಪತ್ರ ಕಲೆಹಾಕಿದರು. ವರ್ಷ ಕಳೆಯುವಷ್ಟರಲ್ಲಿ ವಿಧಾನಸಭೆಗೆ ಒಂದು ಮಸೂದೆ ಬಂತು. ಒಮ್ಮೆ ಮಂಜೂರು ಮಾಡಿದ ಹಲ್ಲಿನ ಚಿಕಿತ್ಸೆಯನ್ನು ವಿಮೆಯವರು ಆಮೇಲೆ ನಿರಾಕರಿಸುವಂತಿಲ್ಲ; ಮೊದಲೇ ಬೇಡವೆನ್ನುವುದಾದರೆ ದಂತವೈದ್ಯರ ಸಹಿಯೊಂದಿಗೆ ಕನ್ನಡದಲ್ಲಿ ಕಾರಣ ಕೊಡಬೇಕು. ಆ ಮಸೂದೆಯನ್ನು ಪರಿಶೀಲಿಸುವ ಸಮಿತಿ ದೇವೀರಮ್ಮನನ್ನೂ ಕರೆಸಿತು. ಡಾಕ್ಟರ ಕೈಚೀಲದಲ್ಲಿ ನಾನೂ ಬೆಂಗಳೂರು ಕಂಡೆ.

ಅಲ್ಲಿ ವಿಮೆಯ ಕಡೆಯವರು ಮತ್ತೆ ಅದೇ ಅಂದರು: "ಇದು ಬರೀ ಅಂದದ ವಿಷಯ ಸರ್."

"ಹಲ್ಲು ಹಾಕಿಕೊಂಡು ಮಾತಾಡಿ ತಾಯಿ" ಎಂದರು ಅಧ್ಯಕ್ಷರು. ಅವಳು ಅಂಜುತ್ತಲೇ ನನ್ನನ್ನು ಬಾಯಿಗಿಟ್ಟುಕೊಂಡಳು. ಅಷ್ಟರಲ್ಲಿ ಗುಮಾಸ್ತರು ಪತ್ರಗಳ ಕಟ್ಟಿನ ದಾರ ಬಿಚ್ಚಲು ಹೆಣಗುತ್ತಿದ್ದರು. ಗಂಟು ಬಿಗಿದಿತ್ತು. ಇಪ್ಪತ್ತು ವರ್ಷ ಹೊಲಿದ ಕೈ ಸುಮ್ಮನಿರುತ್ತದೆಯೇ? "ಕೊಡಿ ಸಾ ಇಲ್ಲಿ" ಎಂದು ಎಳೆದುಕೊಂಡು, ಹೊಲಿಯುವವರ ಅಭ್ಯಾಸದಂತೆ ಬಾಯಿಗಿಟ್ಟು ಕಟಕ್ಕೆಂದು ಕಡಿದೇಬಿಟ್ಟಳು!

"ಅಯ್ಯೋ, ಅದರಲ್ಲಿ ದಾರ ಕಡೀಬಾರ್ದು!" ಡಾಕ್ಟರು ಕೂಗಿದರು. ನನ್ನ ಒಂದು ಮೂಲೆಯ ಚೂರು ಹಾರಿತ್ತು. ಅಧ್ಯಕ್ಷರು ಕಡಿದ ದಾರವನ್ನೂ ವಿಮೆಯವರನ್ನೂ ನೋಡಿ, "ಇದೂ ಅಂದಕ್ಕೇನ್ರೀ?" ಎಂದರು. ಕೋಣೆಯೆಲ್ಲ ನಕ್ಕಿತು. ದೇವೀರಮ್ಮ ನಗಲಿಲ್ಲ. ನೆಟ್ಟಗೆ ನಿಂತು, ಸೆರಗು ಕೆಳಗೆ ಬಿಟ್ಟು ತನ್ನ ಕತೆ ಹೇಳಿದಳು. ಒಂದಕ್ಷರವೂ ಗಾಳಿಗೆ ಹೋಗದಂತೆ ಹಿಡಿದವನು ನಾನು. ನನ್ನ ಬಾಳಿನಲ್ಲಿ ಅದಕ್ಕಿಂತ ದೊಡ್ಡ ದಿನ ಬರಲಿಲ್ಲ.

ಮಸೂದೆ ಕಾನೂನಾಯಿತು. ಹಳೆಯ ಪತ್ರಗಳಿಗೂ ಅದು ಅನ್ವಯಿಸಿತು. ದೇವೀರಮ್ಮ ತನ್ನ ಹಕ್ಕಿನ ಹಲ್ಲು ಹಾಕಿಕೊಂಡು ಹಳೆಯ ಜಾಗಕ್ಕೆ ಮರಳಿದಳು. ಒಂಬತ್ತು ವರ್ಷ ಅವಳ ಬಾಯಲ್ಲಿದ್ದೆ. ಅವಳೊಂದಿಗೆ ಬೈದೆ, ಹಾಡಿದೆ, ಕೋಳಿ ಕಾಲು ಚೀಪಿದೆ. ಈಗ ನನಗೆ ವಯಸ್ಸಾಗಿದೆ. ಅವಳ ವಸಡು ಇಳಿದಿದೆ, ನಾನು ಸಡಿಲವಾಗಿ ಅಲುಗುತ್ತೇನೆ. ಹೊಸ ಸೆಟ್ಟಿಗೆ ಮಂಜೂರಾತಿಯೂ ಬಂದಿದೆ.

ಮೊನ್ನೆ ಊಟದ ಹೊತ್ತಿನಲ್ಲಿ, ಹೊಸದಾಗಿ ಸೇರಿದ ಜಯಶೀಲಾ ಕೈಯಲ್ಲಿ ಒಂದು ಕಾಗದ ಹಿಡಿದು ಬಂದಳು. ಬಿದ್ದು ಮುರಿದ ಹಲ್ಲಿಗೆ ವಿಮೆ ಮಂಜೂರಾಗಿತ್ತು, ಕನ್ನಡದಲ್ಲಿ.

"ಆಮೇಲೆ ಇಲ್ಲ ಅಂದ್ರೆ ಏನವ್ವಾ ಮಾಡ್ತೀಯ?" ದೇವೀರಮ್ಮ ಕೇಳಿದಳು.

ಹುಡುಗಿ ಅನ್ನ ಕಲೆಸುತ್ತಲೇ ಅಂದಳು: "ಅದೆಂಗಂದಾರಕ್ಕ? ಬರ್ಕೊಟ್ಟ ಮೇಲೆ ಕೊಡ್ಲೇಬೇಕಲ್ವಾ?"

ಅದಕ್ಕೊಂದು ಕಾನೂನು ಬರಬೇಕಾಯಿತೆಂಬುದೇ ಅವಳಿಗೆ ಗೊತ್ತಿರಲಿಲ್ಲ. ದೇವೀರಮ್ಮ ನಗತೊಡಗಿದಳು. ನಾನು ಜಾರಿ ತಟ್ಟೆಗೆ ಬೀಳುವಷ್ಟು ನಕ್ಕಳು.